ಮೊರ್ಗಾನ್, ಕ್ರೋಜ್-ಎರ್ಮಿತಾಜ್, ಮೆಡೋಕ್: ಒಂದೇ ಊಟಕ್ಕೆ ಮೂರು ಬಾಟಲಿ

ಮೆಡೋಕ್ ಅನ್ನುವ ರೆಡ್ ವೈನಿನ ಮೊದಲ ಗುಟುಕಿಗೇ ಭಾವ ಮುಖ ಸಿಂಡರಿಸಿದರು. "ಏನಪ್ಪಾ ಇದು, ಎಳೆ ಅಡಿಕೆ ಜಗಿದ ಹಾಗಿದೆ!" ಅಂದರು. ಆ ರುಚಿಗೆ ನಮ್ಮಲ್ಲಿ ಒಗರು ಅಂತ ಒಂದೇ ಪದ ಸಾಕು. ವೈನಿನಲ್ಲಿ ಆ ಒಗರು ಕೊಡುವ ವಸ್ತುವನ್ನು ಟ್ಯಾನಿನ್ ಅನ್ನುತ್ತಾರೆ. ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಿಂದ ಬರುವಂಥದ್ದು.

ನಾವಿರುವುದು ಫ್ರಾನ್ಸಿನ ಲಿಯೋನ್‌ನಲ್ಲಿ. ಉತ್ತರಕ್ಕೆ ಹೋದರೆ ಬೋಜೋಲೆ ಅನ್ನುವ ವೈನ್ ಸೀಮೆ, ದಕ್ಷಿಣಕ್ಕೆ ಹೋದರೆ ರೋನ್ ನದಿಯ ದಂಡೆಯ ದ್ರಾಕ್ಷಿ ತೋಟಗಳು. ಇನ್ನೊಂದು ವೈನ್ ಸೀಮೆ ಬೋರ್ಡೋ, ದೇಶದ ಆ ಬದಿಯಲ್ಲಿದ್ದರೂ ಅದರ ಬಾಟಲಿ ಎಲ್ಲ ಅಂಗಡಿಯಲ್ಲೂ ಇರುತ್ತದೆ. ಊರಿಂದ ಬಂದವರೆಲ್ಲ "ಊಟಕ್ಕೆ ಒಳ್ಳೇ ರೆಡ್ ವೈನ್ ಯಾವುದು?" ಅಂತ ಕೇಳುತ್ತಾರೆ. ಈ ಸಲ ಚಿಕ್ಕಮಗಳೂರಿಂದ ಭಾವ ಬಂದಾಗ ಬಾಯಲ್ಲಿ ಹೇಳುವ ಬದಲು ಮೂರೂ ಸೀಮೆಯ ಒಂದೊಂದು ಬಾಟಲಿ ತಂದು ಮೇಜಿನ ಮೇಲಿಟ್ಟೆ. ಎಲ್ಲ 15ರಿಂದ 20 ಯೂರೋ ಒಳಗಿನವು.

ಲೇಬಲ್ ಮೇಲೆ ದ್ರಾಕ್ಷಿಯ ಹೆಸರು ಹುಡುಕಬೇಡಿ. ಇಲ್ಲಿ ಸಾಮಾನ್ಯವಾಗಿ ಊರಿನ ಹೆಸರೇ ಇರುತ್ತದೆ. ಮೊರ್ಗಾನ್ ಅಂದರೆ ಬೋಜೋಲೆಯ ಹತ್ತು ಹೆಸರಾಂತ ಜಾಗಗಳಲ್ಲಿ ಒಂದು, ದ್ರಾಕ್ಷಿ ಗಾಮೆ. ರೋನ್ ದಂಡೆಯ ಕ್ರೋಜ್-ಎರ್ಮಿತಾಜ್‌ನಲ್ಲಿ ದ್ರಾಕ್ಷಿ ಸಿರಾ. ಮೆಡೋಕ್ ಬೋರ್ಡೋದ ಭಾಗ, ಅಲ್ಲಿ ಕ್ಯಾಬರ್ನೆ ಸೊವಿನ್ಯೋ ಮತ್ತು ಮೆರ್ಲೋ ಅನ್ನುವ ದ್ರಾಕ್ಷಿಗಳನ್ನು ಬೆರೆಸುತ್ತಾರೆ.

ಮೊದಲ ದಿನ ನಾನೇ ಒಂದು ಎಡವಟ್ಟು ಮಾಡಿದೆ. ರೆಡ್ ವೈನ್ ರೂಮ್ ಟೆಂಪರೇಚರ್‌ನಲ್ಲಿ ಇರಬೇಕು ಅಂತಾರಲ್ವಾ, ಸುಮ್ನೆ ಅಡುಗೆಮನೆಯ ಹೀಟರ್ ಪಕ್ಕ ಇಟ್ಟಿದ್ದೆ. ಆ ಮಾತು ಹುಟ್ಟಿದ್ದು ಹೀಟರ್ ಇಲ್ಲದ ತಣ್ಣನೆ ಮನೆಗಳ ಕಾಲದಲ್ಲಿ. ಬೆಚ್ಚಗಾದ ವೈನ್‌ನಲ್ಲಿ ಆಲ್ಕೋಹಾಲ್ ಘಾಟೇ ಮೂಗಿಗೆ ಹೊಡೆಯಿತು. ಮರುದಿನ ಮೊರ್ಗಾನ್‌ ಅನ್ನು 14 ಡಿಗ್ರಿಗೆ, ಉಳಿದೆರಡನ್ನು 17 ಡಿಗ್ರಿಗೆ ತಂದು ಮತ್ತೆ ಶುರು ಮಾಡಿದೆವು. ಅಷ್ಟು ಮಾಡಿದರೂ ಭಾವನಿಗೆ ಅಡಿಕೆ ನೆನಪಾಗಿದ್ದು ತಪ್ಪಲಿಲ್ಲ.

ಬರೀ ವೈನ್ ಕುಡಿದಾಗ ಮೊರ್ಗಾನ್ ಸುಲಭವಾಗಿ ಗೆದ್ದಿತು. ಚೆರ್ರಿ ಹಣ್ಣಿನ ವಾಸನೆ, ಹದವಾದ ಹುಳಿ, ಒಗರು ಕಡಿಮೆ. ಬೋಜೋಲೆಯಲ್ಲಿ ದ್ರಾಕ್ಷಿಯನ್ನು ಜಜ್ಜದೆ ಗೊನೆ ಸಮೇತ ತೊಟ್ಟಿಗೆ ಹಾಕುವ ರೂಢಿ ಇದೆ. ಹಣ್ಣಿನ ಒಳಗೇ ಹುದುಗು ಶುರುವಾಗುವುದರಿಂದ ಸಿಪ್ಪೆಯ ಒಗರು ಅಷ್ಟಾಗಿ ಇಳಿಯುವುದಿಲ್ಲ. ಇದೇ ಗಾಮೆಯನ್ನು ಕಿತ್ತು ಹಾಕಿ ಅಂತ 1395ರಲ್ಲಿ ಬರ್ಗಂಡಿಯ ದೊರೆ ಫಿಲಿಪ್ ಆಜ್ಞೆ ಹೊರಡಿಸಿದ್ದ. ಪಾಪ, ಅವನಿಗೆ ಯಾರೂ ಒಳ್ಳೇ ಗಾಮೆ ಕೊಟ್ಟಿರಲಿಲ್ಲವೇನೋ.

ಕ್ರೋಜ್ ಗ್ಲಾಸನ್ನು ಮೂಗಿನ ಹತ್ತಿರ ತಂದ ಭಾವ ಒಂದು ಗಳಿಗೆ ಸುಮ್ಮನಾದರು. ಎದ್ದು ಹೋಗಿ ತಮ್ಮ ಬ್ಯಾಗಿಂದ ಕರಿಮೆಣಸಿನ ಪೊಟ್ಟಣ ತಂದರು. ನಾಲ್ಕು ಕಾಳು ಅಂಗೈಯಲ್ಲಿ ಜಜ್ಜಿ ಮೂಸಿದರು, ಮತ್ತೆ ಗ್ಲಾಸ್ ಮೂಸಿದರು. "ಅದೇ ಕಣೋ!" ನಿಜಕ್ಕೂ ಅದೇ. ರೊಟುಂಡೋನ್ ಅನ್ನುವ ವಸ್ತು ಕರಿಮೆಣಸಿನಲ್ಲೂ ಇದೆ, ಸಿರಾ ದ್ರಾಕ್ಷಿಯಲ್ಲೂ ಇದೆ.

ಆದರೆ ತಟ್ಟೆ ಬಂದ ಮೇಲೆ ಲೆಕ್ಕ ಬದಲಾಯಿತು. ಮೆಡೋಕ್ ಸೀಮೆಯ ಪೊಯಾಕ್ ಊರು ವೈನ್‌ಗೂ ಹೆಸರುವಾಸಿ, ಕುರಿಮರಿಯ ಮಾಂಸಕ್ಕೂ ಹೆಸರುವಾಸಿ. ಹಾಗಾಗಿ ಕುರಿಮರಿ ಚಾಪ್ಸ್‌ಗೆ ಬರೀ ಉಪ್ಪು, ಬೆಣ್ಣೆ, ಬೆಳ್ಳುಳ್ಳಿ ಹಾಕಿ ಬೇಯಿಸಿದೆ, ಒಳಗೆ ಇನ್ನೂ ನಸುಗೆಂಪು ಇರುವ ಹಾಗೆ. ಒಂದು ತುಂಡು ಅಗಿದು ಮೆಡೋಕ್ ಕುಡಿದರೆ ಆ ಅಡಿಕೆಯ ಒಗರು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಒಗರು ಅಂಟಿಕೊಳ್ಳುವುದು ಪ್ರೋಟೀನಿಗೆ. ಬರೀ ಬಾಯಲ್ಲಾದರೆ ಜೊಲ್ಲಿನ ಪ್ರೋಟೀನಿಗೇ ಅಂಟಿ ನಾಲಿಗೆ ಒಣಗಿಸುತ್ತದೆ. ಮಾಂಸ ಇದ್ದರೆ ಅದರ ಕಡೆ ಹೋಗುತ್ತದೆ. ಚಾಪ್ಸ್ ಜೊತೆ ಮೊರ್ಗಾನ್ ನೀರು ನೀರು ಅನ್ನಿಸಿತು, ಅದನ್ನು ಒಪ್ಪಿಕೊಳ್ಳಲೇಬೇಕು.

ಇಲ್ಲಿನ ಸ್ಯಾಂ-ಮಾರ್ಸೆಲಾಂ ಚೀಸ್, ಒಳಗೆ ಕೆನೆಯ ಹಾಗೆ ಸೋರುವಂಥದ್ದು, ಮೆಡೋಕ್ ಜೊತೆ ಕಹಿ ಹೊಡೆಯಿತು. ಮೊರ್ಗಾನ್ ಜೊತೆ ಚೆನ್ನಾಗಿತ್ತು. ಒಣ ಸಾಸೇಜಿಗೂ ಅದೇ.

ಭಾನುವಾರ ಭಾವ ತಮ್ಮ ಮೆಣಸಿನಲ್ಲೇ ಮಟನ್ ಫ್ರೈ ಮಾಡಿದರು. ಕ್ರೋಜ್‌ಗೆ ಇದೇ ಜೋಡಿ ಅಂತ ನನಗೆ ಭಾರೀ ಆಸೆ ಇತ್ತು. ಮೊದಲ ತುತ್ತಿಗೆ ಹೌದು, ಮೆಣಸಿಗೆ ಮೆಣಸು ಕೂಡಿ ಘಮ್ಮೆಂದಿತು. ಆದರೆ ಅವರು ಆರು ಹಸಿಮೆಣಸಿನಕಾಯಿಯನ್ನೂ ಸೀಳಿ ಹಾಕಿದ್ದರು. ಖಾರದ ಮೇಲೆ ಆಲ್ಕೋಹಾಲ್ ಬಿದ್ದರೆ ಉರಿ ಇನ್ನೂ ಜಾಸ್ತಿ. ಮೆಡೋಕ್ ಅಂತೂ ಗಂಟಲಿಗೆ ಉಪ್ಪುಕಾಗದ ಉಜ್ಜಿದ ಹಾಗಿತ್ತು. ಕೊನೆಗೆ ಎಲ್ಲರ ಕೈ ಹೋಗಿದ್ದು ತಣ್ಣಗಿದ್ದ ಮೊರ್ಗಾನ್ ಕಡೆಗೆ.

ಹಾಗಾಗಿ ನಮ್ಮಂಥವರ ಊಟಕ್ಕೆ ಒಂದೇ ಬಾಟಲಿ ತರುವುದಾದರೆ ನನ್ನ ಮತ ಮೊರ್ಗಾನ್‌ಗೆ. ಹಸಿಮೆಣಸಿನಕಾಯಿ ಬಿಟ್ಟು ಕರಿಮೆಣಸಿನಲ್ಲೇ ಅಡುಗೆ ಮಾಡುವವರು ಕ್ರೋಜ್ ತನ್ನಿ. ಮೆಡೋಕ್, ಚಾಪ್ಸ್ ಇದ್ದ ದಿನ ಮಾತ್ರ.

ಭಾವನೂ ತಲೆಯಾಡಿಸಿ ಎಲ್ಲಾ ಒಪ್ಪಿದರು. ವಾಪಸ್ ಹೊರಡುವ ದಿನ ನೋಡಿದರೆ ಸೂಟ್‌ಕೇಸಿನಲ್ಲಿ ಸ್ವೆಟರ್ ಸುತ್ತಿಟ್ಟ ಎರಡು ಮೆಡೋಕ್. "ಕ್ಲಬ್ಬಲ್ಲಿ ಮೊರ್ಗಾನ್ ಅಂದ್ರೆ ಯಾರಿಗೆ ಗೊತ್ತಾಗತ್ತೆ? ಬೋರ್ಡೋ ಅಂದ್ರೆ ತಿರುಗಿ ನೋಡ್ತಾರೆ" ಅಂದರು.