‘ಜೀವನಪೂರ್ತಿ’ ಎಂಬ ಪದ ನಂಬಿ ಸ್ಕ್ರೀನ್‌ಶಾಟ್ ಆ್ಯಪ್ ಕೊಂಡವನ ಲೆಕ್ಕ

2024ರ ಫೆಬ್ರುವರಿ 18, ಭಾನುವಾರ ಬೆಳಿಗ್ಗೆ ತೀರ್ಥಹಳ್ಳಿಯ ಕಿರಾಣಿ ವ್ಯಾಪಾರಿಯೊಬ್ಬರು ಕರೆ ಮಾಡಿ, ನಾನು ಅಂತರ್ಜಾಲದಲ್ಲಿ ಬರೆದಿಟ್ಟಿರುವ ಜಿಎಸ್‌ಟಿ ರಿಟರ್ನ್ ಕೈಪಿಡಿಯಲ್ಲಿ ಚಿತ್ರಗಳೇ ಕಾಣುತ್ತಿಲ್ಲ, ಚಿತ್ರವಿರಬೇಕಾದಲ್ಲೆಲ್ಲ ಬೂದು ಬಣ್ಣದ ಚೌಕಗಳಿವೆ ಎಂದರು. “ನೆಟ್‌ವರ್ಕ್ ಸರಿಯಿರಲಿಕ್ಕಿಲ್ಲ ಶೆಟ್ರೇ, ಸ್ವಲ್ಪ ಹೊತ್ತು ಬಿಟ್ಟು ನೋಡಿ” ಎಂದು ಹೇಳಿ ಫೋನ್ ಇಟ್ಟೆ. ಹತ್ತು ನಿಮಿಷದಲ್ಲಿ ಇನ್ನಿಬ್ಬರಿಂದ ಅದೇ ಮಾತು ಬಂತು. ತಿಂಗಳ ರಿಟರ್ನ್ ಸಲ್ಲಿಸಲು 20ನೆಯ ತಾರೀಖು ಕೊನೆಯ ದಿನವಾದ್ದರಿಂದ, ಅದಕ್ಕೆ ಎರಡು ಮೂರು ದಿನ ಮುಂಚೆಯೇ ನನ್ನ ಕೈಪಿಡಿಯನ್ನು ತೆರೆಯುವವರ ಸಂಖ್ಯೆ ಪ್ರತಿ ತಿಂಗಳೂ ಏರುತ್ತದೆ. ಸರಿಯಾಗಿ ಅದೇ ಹೊತ್ತಿಗೆ ನನ್ನ 2,300 ಚಿತ್ರಗಳೂ ಒಟ್ಟಿಗೆ ಮರೆಯಾಗಿದ್ದವು.

ನಾನು ಶಿವಮೊಗ್ಗದಲ್ಲಿ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶ ಮತ್ತು ತೆರಿಗೆ ಲೆಕ್ಕಪತ್ರ ಕಲಿಸುವವನು. ಯಾವ ಗುಂಡಿ ಒತ್ತಬೇಕು, ಯಾವ ಕೋಷ್ಟಕದಲ್ಲಿ ಯಾವ ಮೊತ್ತ ತುಂಬಬೇಕು ಎಂಬುದನ್ನು ಬರೀ ಅಕ್ಷರದಲ್ಲಿ ವಿವರಿಸಿದರೆ ಹೊಸಬರಿಗೆ ತಿಳಿಯುವುದಿಲ್ಲ. ಪರದೆಯ ಚಿತ್ರ ತೆಗೆದು, ಅದರ ಮೇಲೆ ಕೆಂಪು ಬಾಣ ಗುರುತು ಹಾಕಿ ತೋರಿಸಬೇಕಾಗುತ್ತದೆ. ಅದಕ್ಕಾಗಿ 2019ರಲ್ಲಿ ಒಂದು ವಿದೇಶಿ ಸ್ಕ್ರೀನ್‌ಶಾಟ್ ಆ್ಯಪನ್ನು 39 ಡಾಲರ್, ಎಂದರೆ ಅಂದಿನ ಲೆಕ್ಕದಲ್ಲಿ ಸುಮಾರು 2,700 ರೂಪಾಯಿ, ಕೊಟ್ಟು ಕೊಂಡೆ. ಒಂದು ಕೀಲಿ ಒತ್ತಿದರೆ ಪರದೆಯ ಆಯ್ದ ಭಾಗದ ಚಿತ್ರ ಸಿದ್ಧವಾಗಿ, ತಾನಾಗಿಯೇ ಆ ಕಂಪನಿಯ ಸರ್ವರಿಗೆ ಹೋಗಿ, ಅದರ ಲಿಂಕ್ ನಕಲಾಗಿ ಕೈಗೆ ಬರುತ್ತಿತ್ತು. ಆ ಲಿಂಕನ್ನು ಪುಟದಲ್ಲಿ ಅಂಟಿಸಿದರೆ ಕೆಲಸ ಮುಗಿಯಿತು. ಜಾಹೀರಾತಿನಲ್ಲಿ ‘ಒಮ್ಮೆ ಕೊಳ್ಳಿ, ಜೀವನಪೂರ್ತಿ ಬಳಸಿ’ ಎಂದಿತ್ತು. ಕಂಪನಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇದೇ ಬಗೆಯಲ್ಲಿ ಮಾರುವವರು ಹಲವರಿರುವುದರಿಂದ ಒಬ್ಬರ ಹೆಸರು ತಿಳಿದುಕೊಂಡು ಪ್ರಯೋಜನವೂ ಇಲ್ಲ.

ಬೂದು ಚೌಕಗಳ ಮೂಲ ಹುಡುಕುತ್ತ ಹೋದಾಗ ಜನವರಿ ಎರಡನೆಯ ವಾರದ ಒಂದು ಇ-ಮೇಲ್ ಜಾಹೀರಾತುಗಳ ಪೆಟ್ಟಿಗೆಯಲ್ಲಿ ಸಿಕ್ಕಿತು. ಹಬ್ಬದ ರಿಯಾಯಿತಿಯ ಪತ್ರದಂತೆ ಬಣ್ಣಬಣ್ಣದ ಶೀರ್ಷಿಕೆಯಿದ್ದ ಅದರ ನಾಲ್ಕನೆಯ ಪರಿಚ್ಛೇದದಲ್ಲಿ ವಿಷಯವಿತ್ತು: ಆ್ಯಪ್ ಎಂದಿನಂತೆ ಜೀವನಪೂರ್ತಿ ನಿಮ್ಮದೇ, ಆದರೆ ಚಿತ್ರಗಳನ್ನು ಇರಿಸಿಕೊಂಡು ಬೇರೆ ಪುಟಗಳಲ್ಲಿ ತೋರಿಸುವ ಸೇವೆಗೆ ಇನ್ನು ಮುಂದೆ ಚಂದಾ ಬೇಕು, 30 ದಿನಗಳೊಳಗೆ ಕಟ್ಟದಿದ್ದರೆ ಲಿಂಕುಗಳು ಕೆಲಸ ಮಾಡುವುದಿಲ್ಲ. ಐದು ವರ್ಷ ಹಿಂದೆ ನಾನು ಕೊಂಡದ್ದು ಒಂದೇ ಸರಕು ಎಂದು ತಿಳಿದಿದ್ದೆ. ಅದರೊಳಗೆ ಎರಡು ಸರಕುಗಳಿದ್ದವು, ‘ಜೀವನಪೂರ್ತಿ’ ಎಂಬ ಮಾತು ಮೊದಲನೆಯದಕ್ಕೆ ಮಾತ್ರ ಅನ್ವಯಿಸುತ್ತಿತ್ತು ಎಂಬುದು ಆಗ ಅರ್ಥವಾಯಿತು.

ಕೋಪ ತಣಿದ ಮೇಲೆ ಕಾಗದ ಹಿಡಿದು ಲೆಕ್ಕ ಹಾಕಿದೆ. ಲೆಕ್ಕದ ಮೇಷ್ಟ್ರಾಗಿ ಈ ಕೆಲಸವನ್ನು 2019ರಲ್ಲೇ ಮಾಡಬೇಕಿತ್ತು. ನನ್ನ ಒಂದು ಚಿತ್ರದ ಗಾತ್ರ ಸರಾಸರಿ 350 ಕೆಬಿ. 2,300 ಚಿತ್ರ ಸೇರಿದರೂ ಒಂದು ಜಿಬಿ ತುಂಬುವುದಿಲ್ಲ. ಅಮೆಜಾನ್‌ನ ಎಸ್‌3 ಎಂಬ, ಕಡತ ಇರಿಸಲು ಬಾಡಿಗೆ ಜಾಗ ಕೊಡುವ ಸೇವೆಯ ಮುಂಬೈ ಕೇಂದ್ರದಲ್ಲಿ ಒಂದು ಜಿಬಿಯನ್ನು ಒಂದು ತಿಂಗಳು ಇರಿಸುವ ದರ 0.025 ಡಾಲರ್. ಎಂದರೆ ನನ್ನ ಇಡೀ ಸಂಗ್ರಹವನ್ನು ಇಟ್ಟುಕೊಳ್ಳಲು ತಿಂಗಳಿಗೆ ಎರಡು ರೂಪಾಯಿಯೂ ಬೇಕಾಗುವುದಿಲ್ಲ. ಖರ್ಚಿರುವುದು ಚಿತ್ರವನ್ನು ನೋಡುವವರಿಗೆ ಕಳಿಸುವುದರಲ್ಲಿ. ಒಂದು ಪಾಠದಲ್ಲಿ 14 ಚಿತ್ರಗಳಿದ್ದರೆ ಪ್ರತಿ ಓದುಗನಿಗೂ ಸುಮಾರು 5 ಎಂಬಿ ಹೋಗುತ್ತದೆ. ತಿಂಗಳಿಗೆ 6,000 ಸಲ ತೆರೆದರೆ 30 ಜಿಬಿ. ಅದೇ ಕೇಂದ್ರದಿಂದ ಹೊರಹೋಗುವ ಪ್ರತಿ ಜಿಬಿಗೆ ದರಪಟ್ಟಿಯ ಪ್ರಕಾರ 0.1093 ಡಾಲರ್. ಒಂದು ಖಾತೆಗೆ ತಿಂಗಳ ಮೊದಲ 100 ಜಿಬಿ ಉಚಿತವೆಂಬುದು ನಿಜ, ಆದರೆ ಸಾವಿರಾರು ಗ್ರಾಹಕರಿರುವ ಕಂಪನಿಗೆ ಆ ರಿಯಾಯಿತಿ ಸಾಸಿವೆಯಷ್ಟೂ ಅಲ್ಲ. 30 ಜಿಬಿಯನ್ನು ಆ ದರದಿಂದ ಗುಣಿಸಿ ಹನ್ನೆರಡು ತಿಂಗಳಿಗೆ ಕೂಡಿದರೆ 39 ಡಾಲರ್ ದಾಟುತ್ತದೆ. ನಾನು ಜೀವನಪೂರ್ತಿಗೆಂದು ಕೊಟ್ಟ ಹಣ ಒಂದೇ ವರ್ಷದ ರವಾನೆ ವೆಚ್ಚಕ್ಕೆ ಸಮವಾಗಿತ್ತು. ದೊಡ್ಡ ಕಂಪನಿಗಳಿಗೆ ಇದಕ್ಕಿಂತ ಅಗ್ಗದ ದರ ಸಿಗುತ್ತದೆ ಎಂದಿಟ್ಟುಕೊಂಡರೂ, ವರ್ಷವರ್ಷವೂ ಬೀಳುವ ಖರ್ಚನ್ನು ಒಂದೇ ಸಲ ಬಂದ ಹಣದಲ್ಲಿ ತೂಗಿಸುವುದು ಹೊಸ ಗ್ರಾಹಕರು ಬರುತ್ತಿರುವವರೆಗೆ ಮಾತ್ರ ಸಾಧ್ಯ. ಹಳೆಯ ಗ್ರಾಹಕರ ವೆಚ್ಚವನ್ನು ಹೊಸಬರ ಹಣದಿಂದ ಭರಿಸುವ ವ್ಯವಹಾರಕ್ಕೆ ನಮ್ಮೂರಲ್ಲಿ ಬೇರೆಯೇ ಹೆಸರಿದೆ.

ನಾನು ಮೊದಲ ಬಲಿಯೇನೂ ಅಲ್ಲ. 2003ರಲ್ಲಿ ಆರಂಭವಾದ, ಚಿತ್ರಗಳನ್ನು ಇರಿಸಿಕೊಳ್ಳುವ ತಾಣ ಫೋಟೊಬಕೆಟ್, ಬೇರೆ ತಾಣಗಳಲ್ಲಿ ಚಿತ್ರ ತೋರಿಸಲು ವರ್ಷಕ್ಕೆ 399.99 ಡಾಲರ್ ಬೇಕೆಂದು 2017ರ ಜೂನ್ ಕೊನೆಯಲ್ಲಿ ನಿಯಮ ಬದಲಿಸಿತು. ವಾಹನ ರಿಪೇರಿ, ಮರಗೆಲಸ, ಹೊಲಿಗೆ ಕಲಿಸುವ ಅಸಂಖ್ಯ ಪುಟಗಳ ಚಿತ್ರಗಳು ಆಗ ಕಾಣದಾದವು. ಮರುವರ್ಷ ದರ ಇಳಿಸಿದರೂ ಅಷ್ಟರಲ್ಲಿ ಜನ ಬಿಟ್ಟುಹೋಗಿದ್ದರು. 2013ರಿಂದ ಒಂದು ಟೆರಾಬೈಟ್ ಉಚಿತ ಜಾಗ ಕೊಡುತ್ತಿದ್ದ ಫೋಟೊ ತಾಣ ಫ್ಲಿಕರ್, 2018ರಲ್ಲಿ ಸ್ಮಗ್‌ಮಗ್ ಕಂಪನಿಯ ಕೈಗೆ ಹೋದ ಮೇಲೆ ಉಚಿತ ಖಾತೆಗೆ 1,000 ಚಿತ್ರಗಳ ಮಿತಿ ಹಾಕಿತು. ಗೂಗಲ್ ಫೋಟೋಸ್‌ನ ಅಪರಿಮಿತ ಉಚಿತ ಸಂಗ್ರಹ 2021ರ ಜೂನ್ 1ಕ್ಕೆ ಮುಗಿಯಿತು. ಖಾತೆಗೆ ಸೇರದ, ಬಹುಕಾಲ ಯಾರೂ ನೋಡದ ಹಳೆಯ ಚಿತ್ರಗಳನ್ನು ಇಮ್ಗರ್ ಎಂಬ ಚಿತ್ರತಾಣ 2023ರಲ್ಲಿ ಅಳಿಸತೊಡಗಿತು. ಇವೆಲ್ಲ ಪತ್ರಿಕೆಗಳಲ್ಲಿ ಬಂದ ಸುದ್ದಿಗಳೇ. ಓದಿಯೂ ನನ್ನದಕ್ಕೆ ಹಾಗಾಗದು ಎಂದು ನಂಬಿದ್ದು ನಾನು ಹಣ ಕೊಟ್ಟಿದ್ದೆನೆಂಬ ಕಾರಣಕ್ಕೆ. ಪ್ರಾಮಾಣಿಕವಾಗಿ ಬೆಲೆ ಹೇಳುವುದು ಅಸಾಧ್ಯವೂ ಆಗಿರಲಿಲ್ಲ. ಟೆಕ್‌ಸ್ಮಿತ್ ಕಂಪನಿಯ ಜಿಂಗ್ ಎಂಬ ಹಳೆಯ ಆ್ಯಪಿನ ಜೊತೆಗಿದ್ದ ಸಂಗ್ರಹ ಸೇವೆಯಲ್ಲಿ ಇಟ್ಟುಕೊಳ್ಳುವ ಗಾತ್ರಕ್ಕೊಂದು ಮಿತಿ, ತಿಂಗಳಿಗೆ ರವಾನಿಸುವ ಗಾತ್ರಕ್ಕೊಂದು ಮಿತಿ ಎಂದು ಬೇರೆ ಬೇರೆಯಾಗಿ ತಿಳಿಸುತ್ತಿದ್ದರು. ನಾನು ಕೊಂಡ ಆ್ಯಪಿನ ಷರತ್ತುಗಳಲ್ಲಿ ಇದ್ದದ್ದು ‘ನ್ಯಾಯಯುತ ಬಳಕೆ’ ಎಂಬ ಎರಡು ಪದ ಮಾತ್ರ.

ಇನ್ನು ಹೊಸ ಚಂದಾದ ಬೆಲೆಯ ಸಂಗತಿ. ಪುಟದಲ್ಲಿ ದೊಡ್ಡದಾಗಿ ಕಂಡದ್ದು ‘ತಿಂಗಳಿಗೆ 8 ಡಾಲರ್’. ಒಂದು ತಿಂಗಳು ಕಟ್ಟಿ ಚಿತ್ರಗಳನ್ನು ಇಳಿಸಿಕೊಂಡು ಬಿಟ್ಟುಬಿಡೋಣ ಎಂದು ಮುಂದುವರಿದೆ. ಕಾರ್ಡಿನ ವಿವರ ತುಂಬಿದ ಮೇಲೆ, ಕೊನೆಯ ಪುಟದಲ್ಲಿ, ಆ ದರ ವರ್ಷದ ಹಣವನ್ನು ಒಟ್ಟಿಗೆ ಕಟ್ಟುವವರಿಗೆ ಮಾತ್ರ ಎಂಬ ಸಣ್ಣ ಅಕ್ಷರದ ಸಾಲಿತ್ತು. 96 ಡಾಲರಿನ ಮೇಲೆ 18% ಜಿಎಸ್‌ಟಿ ಸೇರಿ 113.28 ಡಾಲರ್ ಆಯಿತು. ಡಾಲರಿಗೆ 83 ರೂಪಾಯಿಯಂತೆ 9,402 ರೂಪಾಯಿ. ಅದರ ಮೇಲೆ ನನ್ನ ಬ್ಯಾಂಕಿನ 3.5% ವಿದೇಶಿ ವಿನಿಮಯ ಶುಲ್ಕ, ಆ ಶುಲ್ಕದ ಮೇಲೆ ಮತ್ತೆ ಜಿಎಸ್‌ಟಿ. ಒಟ್ಟು ಹೋದದ್ದು 9,790 ರೂಪಾಯಿ. ತಿಂಗಳಿಗೆ ಎಂಟು ಡಾಲರ್ ಎಂದರೆ ಆರುನೂರು ಚಿಲ್ಲರೆ ತಾನೆ ಎಂದುಕೊಂಡು ಹೊರಟವನು ಅಷ್ಟು ಕಟ್ಟಿದೆ. 20ರ ಗಡುವು ತಲೆಯ ಮೇಲಿತ್ತು, ಜುಟ್ಟು ಅವರ ಕೈಯಲ್ಲಿತ್ತು. ಬೆಲೆಯನ್ನು ಹೀಗೆ ಹನಿಹನಿಯಾಗಿ ಹೊರಗೆಡಹುವುದನ್ನು, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಪಟ್ಟಿ ಮಾಡಿರುವ 13 ಮೋಸದ ವಿನ್ಯಾಸಗಳಲ್ಲಿ ಒಂದೆಂದು ಹೆಸರಿಸಿದೆ. ಚಂದಾದಿಂದ ಹೊರಬರಲಾಗದಂತೆ ಸಿಲುಕಿಸುವುದೂ ಅದೇ ಪಟ್ಟಿಯಲ್ಲಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರನ್ನೂ ಕೊಟ್ಟೆ. ಇಲ್ಲಿ ಕಚೇರಿಯೇ ಇಲ್ಲದ ಆ ಕಂಪನಿಯಿಂದ ಉತ್ತರ ಬರಲಿಲ್ಲ.

ಹಣ ಕಟ್ಟಿದ ಮೇಲೂ ಚಿತ್ರಗಳನ್ನು ಹೊರತರುವುದು ಸುಲಭವಾಗಲಿಲ್ಲ. ಆ್ಯಪ್ ಸರ್ವರಿಗೆ ಚಿತ್ರ ಕಳಿಸಿದ ಮೇಲೆ ನನ್ನ ಕಂಪ್ಯೂಟರಿನಲ್ಲಿ ಪ್ರತಿಯನ್ನು ಉಳಿಸುತ್ತಿರಲಿಲ್ಲ. ಉಳಿಸುವಂತೆ ಮಾಡುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿ ಮೂರು ಹಂತ ಒಳಗೆ ಇತ್ತು, ನಾನು ನೋಡಿರಲಿಲ್ಲ. ಸಲಕ್ಕೆ ನೂರರಂತೆ ಜಿಪ್ ಕಡತಗಳಾಗಿ ಇಳಿಸಬೇಕಿತ್ತು. ಒಳಗಿನ ಕಡತಗಳ ಹೆಸರುಗಳಿಗೂ ನನ್ನ ಪುಟಗಳಲ್ಲಿದ್ದ ಲಿಂಕುಗಳಿಗೂ ಯಾವ ಹೋಲಿಕೆಯೂ ಇರಲಿಲ್ಲ. ಯಾವ ಚಿತ್ರ ಯಾವ ಪಾಠದ ಎಷ್ಟನೆಯದು ಎಂದು ಕಣ್ಣಿನಲ್ಲೇ ನೋಡಿ ಜೋಡಿಸುತ್ತ ಮೊದಲ ವಾರ ಕಳೆಯಿತು. ಚಂದಾ ಜಾರಿಯಲ್ಲಿದ್ದು ಲಿಂಕುಗಳು ಮತ್ತೆ ತೆರೆಯುತ್ತಿದ್ದುದರಿಂದ, ಪ್ರತಿ ಪಾಠದ ಪುಟವನ್ನೇ ಬ್ರೌಸರಿನಲ್ಲಿ ಚಿತ್ರಸಹಿತ ಉಳಿಸಿಕೊಂಡರೆ ಸಾಕೆಂದು ಆಮೇಲೆ ಹೊಳೆಯಿತು. ನಿಮಗೂ ಇದೇ ಗತಿ ಬಂದರೆ ಜಿಪ್ ಬಿಟ್ಟು ಅಲ್ಲಿಂದಲೇ ಶುರು ಮಾಡಿ. ಲಿಂಕುಗಳು ಸಾಯುವ ಮೊದಲೇ ಮಾಡಿದರೆ ಚಂದಾ ಹಣವೂ ಉಳಿಯುತ್ತದೆ.

ಈಗ ವಿಂಡೋಸ್‌ನಲ್ಲಿ ಶೇರ್‌ಎಕ್ಸ್, ಲಿನಕ್ಸ್‌ನಲ್ಲಿ ಫ್ಲೇಮ್‌ಶಾಟ್ ಬಳಸುತ್ತಿದ್ದೇನೆ. ಎರಡೂ ಮುಕ್ತ ತಂತ್ರಾಂಶಗಳು, ಕಾಸು ಕೊಡಬೇಕಿಲ್ಲ. ಚಿತ್ರಗಳನ್ನು ಇರಿಸಲು ಬೇರೆ ಕಡೆ ಜಾಗ ತೆಗೆದುಕೊಂಡಿದ್ದೇನೆ. ಕ್ಲೌಡ್‌ಫ್ಲೇರ್‌ನ ಆರ್2ನಂಥ ಸೇವೆಗಳಲ್ಲಿ ಹೊರಹೋಗುವ ದತ್ತಾಂಶಕ್ಕೆ ದರವಿಲ್ಲ, ಮೊದಲ 10 ಜಿಬಿ ಸಂಗ್ರಹಕ್ಕೂ ಹಣವಿಲ್ಲ. ನಾಳೆ ಅವರೂ ನಿಯಮ ಬದಲಿಸಬಹುದು. ಆದ್ದರಿಂದ ಈ ಸಲ ಚಿತ್ರಗಳ ವಿಳಾಸವನ್ನು ನನ್ನ ಸ್ವಂತ ಡೊಮೇನ್, ಎಂದರೆ ನಾನೇ ನೋಂದಾಯಿಸಿಕೊಂಡ ಜಾಲತಾಣದ ಹೆಸರಿನಲ್ಲೇ ಇಟ್ಟಿದ್ದೇನೆ: ಜಾಗ ಬದಲಾದರೆ ಆ ಹೆಸರನ್ನು ಹೊಸ ಸರ್ವರಿನತ್ತ ತಿರುಗಿಸಿದರಾಯಿತು, ಪಾಠಗಳಲ್ಲಿರುವ ಒಂದು ಲಿಂಕನ್ನೂ ಮುಟ್ಟಬೇಕಾಗಿಲ್ಲ. ಡೊಮೇನಿಗೆ ವರ್ಷಕ್ಕೆ ಸಾವಿರ ರೂಪಾಯಿಯ ಒಳಗೆ ಖರ್ಚಾಗುತ್ತದೆ. ಯಾವುದೇ ಸ್ಕ್ರೀನ್‌ಶಾಟ್ ಆ್ಯಪ್ ಕೊಳ್ಳುವ ಮುನ್ನ ಅದು ಸ್ವಂತ ಡೊಮೇನಿಗೆ ಅವಕಾಶ ಕೊಡುತ್ತದೆಯೇ, ಕೊಟ್ಟರೆ ಯಾವ ದರದ ಶ್ರೇಣಿಯಲ್ಲಿ ಎಂಬುದನ್ನು ಮೊದಲು ನೋಡಿ. ಬಾಣದ ಬಣ್ಣ, ಮಸುಕು ಮಾಡುವ ಸೌಲಭ್ಯ ಇತ್ಯಾದಿ ಆಮೇಲಿನ ಮಾತು.

ಚಂದಾವನ್ನು 2024ರ ಮಾರ್ಚ್‌ನಲ್ಲೇ ರದ್ದು ಮಾಡಿದ್ದೆ. ರದ್ದಾಯಿತೆಂಬ ಇ-ಮೇಲ್ ಕೂಡ ಬಂದಿತ್ತು. ಆದರೂ 2025ರ ಫೆಬ್ರುವರಿಯಲ್ಲಿ, ನಾಳೆ ನಿಮ್ಮ ಕಾರ್ಡಿನಿಂದ ಇಷ್ಟು ಹಣ ಕಡಿತವಾಗಲಿದೆ ಎಂದು ಬ್ಯಾಂಕಿನಿಂದ ಎಸ್‌ಎಂಎಸ್ ಬಂತು. ರಿಸರ್ವ್ ಬ್ಯಾಂಕಿನ ನಿಯಮದಂತೆ ಇಂಥ ಪುನರಾವರ್ತಿತ ಪಾವತಿಗೆ 24 ಗಂಟೆ ಮುಂಚೆ ತಿಳಿಸಲೇಬೇಕು. 15,000 ರೂಪಾಯಿವರೆಗಿನ ಮೊತ್ತಕ್ಕೆ ಮತ್ತೆ ಓಟಿಪಿ ಕೇಳುವುದಿಲ್ಲವಾದ್ದರಿಂದ, ಆ ಸಂದೇಶ ಕಣ್ತಪ್ಪಿದ್ದರೆ ಇನ್ನೊಂದು ವರ್ಷದ ಹಣ ಹೋಗುತ್ತಿತ್ತು. ಕಂಪನಿಗೆ ಬರೆಯುತ್ತ ಕೂರದೆ ಬ್ಯಾಂಕಿನ ಆ್ಯಪಿನಲ್ಲೇ ಆ ಪುನರಾವರ್ತಿತ ಪಾವತಿಯ ಆದೇಶವನ್ನು ತೆಗೆದುಹಾಕಿದೆ. ಚಂದಾ ರದ್ದು ಮಾಡಿದ ದಿನವೇ ಇದನ್ನೂ ಮಾಡಿಬಿಡಿ.

2,300ರಲ್ಲಿ 140 ಚಿತ್ರಗಳು ಸಿಗಲೇ ಇಲ್ಲ. ಎರಡು ವರ್ಷ ಯಾರೂ ತೆರೆಯದ ಚಿತ್ರಗಳನ್ನು ಕಂಪನಿಯವರು ಮೊದಲೇ ಅಳಿಸಿದ್ದರು. ಅವುಗಳಲ್ಲಿ ಬಹುಪಾಲು ಜಿಎಸ್‌ಟಿ ಪೋರ್ಟಲಿನ ಹಳೆಯ ಪರದೆಗಳು. ಪೋರ್ಟಲ್ ಆಮೇಲೆ ಬದಲಾಗಿರುವುದರಿಂದ ಮತ್ತೆ ತೆಗೆಯಲೂ ಬರುವುದಿಲ್ಲ. ಹಳೆಯ ವರ್ಷಗಳ ನೋಟಿಸಿಗೆ ಉತ್ತರ ಸಿದ್ಧಪಡಿಸುವ ಯಾರಾದರೂ ಆಗೀಗ ಆ ಪಾಠಗಳನ್ನು ತೆರೆದು ನನಗೆ ಫೋನ್ ಮಾಡುತ್ತಾರೆ. ಆ ಪರದೆಯಲ್ಲಿ ಏನಿತ್ತೆಂದು ನೆನಪಿರುವಷ್ಟನ್ನು ಬಾಯಿಮಾತಿನಲ್ಲಿ ಹೇಳುತ್ತೇನೆ.