ಆರ್ಚ್ ಕಿಟಕಿಗೆ ಬ್ಲೈಂಡ್ಸ್ ಹಾಕಿಸುವವರೇ, ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಓದಿ

ಮೈಸೂರಿನಲ್ಲಿ ಮನೆ ಕಟ್ಟಿಸಿ, ಮೆಟ್ಟಿಲ ಹತ್ತಿರ ಚೆಂದಕ್ಕೆ ಅಂತ ಆರ್ಚ್ ಕಿಟಕಿ ಇಡಿಸಿಕೊಂಡವರೆಲ್ಲ ದಯವಿಟ್ಟು ಓದಿ. "ಯಾವ ಶೇಪ್ ಇದ್ರೂ ಆಗತ್ತೆ ಮೇಡಂ, ನಮಗೆ ಬಿಡಿ" ಅಂತ ಯಾರಾದರೂ ಅಂದರೆ ಅಲ್ಲಿಂದ ಎದ್ದು ಬನ್ನಿ. ದೂರು ಕೊಟ್ಟಿದ್ದೇನೆ, ಅದಕ್ಕೇ ಅಂಗಡಿ ಹೆಸರು ಹಾಕುತ್ತಿಲ್ಲ. ಆದರೆ ಹೊಟ್ಟೆ ಉರಿಯುತ್ತಿದೆ, ಬರೆಯದೆ ಇರಲಾಗುತ್ತಿಲ್ಲ.

ನಮ್ಮದು ಪಶ್ಚಿಮದ ಕಡೆ ಇರುವ ಕಿಟಕಿ. ಕೆಳಗೆ ಚೌಕ, ಮೇಲೆ ಕಮಾನು. ಸಂಜೆ ನಾಲ್ಕಾದರೆ ಸಾಕು, ಆ ಕಮಾನಿನಿಂದ ಬಿಸಿಲು ನೇರವಾಗಿ ಊಟದ ಟೇಬಲ್ ಮೇಲೆ ಬೀಳುತ್ತದೆ. ಕೆಳಗಿನ ಚೌಕಕ್ಕೆ ಮಾಮೂಲಿ ರೋಲರ್ ಬ್ಲೈಂಡ್ ಹಾಕಿಸಿದೆವು, ಅದಕ್ಕೆ ತಕರಾರಿಲ್ಲ. ಕಮಾನಿಗೆ ರೋಲರ್ ಆಗಲ್ಲ. ಅದು ನೇರ ಕೊಳವೆಗೆ ಸುತ್ತಿಕೊಳ್ಳುವ ಬಟ್ಟೆ, ದುಂಡಗಿನ ಕಡೆ ಎಲ್ಲಿ ಸುತ್ತಿಕೊಳ್ಳುತ್ತೆ? ಅಂಗಡಿಯವನು ಫೋನ್ ತೆಗೆದು ಒಂದು ವಿಡಿಯೋ ತೋರಿಸಿದ. ಹನಿಕೋಂಬ್ ಬ್ಲೈಂಡ್, ಅಂದರೆ ಜೇನುಗೂಡಿನ ಹಾಗೆ ಪದರ ಪದರವಾಗಿ ಮಡಚಿಕೊಳ್ಳುವ ಬಟ್ಟೆ. ಮಡಿಕೆಗಳೆಲ್ಲ ಒಂದು ಮೂಲೆಯಿಂದ ಬಿಚ್ಚಿಕೊಂಡು ಅರ್ಧ ಚಕ್ರದ ಹಾಗೆ ಹರಡುತ್ತವೆ. ಬೇಡ ಅಂದಾಗ ಮಡಚಿಕೊಳ್ಳುತ್ತವೆ. "ಹೀಗೇ ಬರತ್ತಾ?" ಅಂದೆ. "ಸೇಮ್ ಟು ಸೇಮ್ ಮೇಡಂ" ಅಂದ. ಒಟ್ಟು 14,000. ಅದರಲ್ಲಿ 10,000 ಅಡ್ವಾನ್ಸ್. ಅರ್ಧ ಕೊಡೋದು ವಾಡಿಕೆ ಅಲ್ವಾ? "ಕಸ್ಟಮ್ ಐಟಂ ಮೇಡಂ, ಹಂಗೆ ಇರತ್ತೆ" ಅಂದ.

ಕಮಾನಿಗೂ ಪೂರ್ತಿ ಚೌಕದ ಲೆಕ್ಕದಲ್ಲೇ ಚದರಡಿ ಹಾಕುತ್ತಾರೆ, ಅದು ಗೊತ್ತಿರಲಿ. ಇಲ್ಲದ ಮೂಲೆಗಳಿಗೂ ದುಡ್ಡು. ಬಟ್ಟೆ ವೇಸ್ಟ್ ಆಗತ್ತೆ ಅನ್ನುತ್ತಾರೆ, ಹೋಗಲಿ ಬಿಡಿ.

ಅಳತೆಗೆ ಒಬ್ಬ ಹುಡುಗ ಬಂದ. ಕಮಾನು ಶುರುವಾಗುವ ಕಡೆ ಅಡ್ಡಕ್ಕೆ ಟೇಪು ಹಿಡಿದ. 5 ಅಡಿ. ಬರೆದುಕೊಂಡ. ಮುಗೀತು. ಎತ್ತರ ನೋಡಲೇ ಇಲ್ಲ. "ಮೇಲಕ್ಕೆ ಅಳೆಯಲ್ವಾ?" ಅಂತ ಕೇಳಿದೆ. ನಕ್ಕ. "ಅಗಲದಲ್ಲಿ ಅರ್ಧ ಹೈಟ್ ಮೇಡಂ, ಅದು ಫಾರ್ಮುಲಾ."

ಆ ಫಾರ್ಮುಲಾ ಪೂರ್ತಿ ಅರ್ಧ ವೃತ್ತದ ಕಮಾನಿಗೆ ಮಾತ್ರ ಸರಿ. ನಮ್ಮ ಮನೆಗಳ ಕಮಾನು ಹಾಗಿರುತ್ತದೆಯೇ? ಲಿಂಟಲ್, ಸ್ಲ್ಯಾಬ್ ಎತ್ತರ ನೋಡಿ ಮೇಸ್ತ್ರಿ ಸ್ವಲ್ಪ ಚಪ್ಪಟೆ ಮಾಡಿರುತ್ತಾರೆ. ನಮ್ಮದು ಮಧ್ಯದಲ್ಲಿ 2 ಅಡಿ ಎತ್ತರ. ಅವರು ಮಾಡಿಸಿದ್ದು ಎರಡೂವರೆ ಅಡಿಗೆ.

ಆಮೇಲೆ ಎಲ್ಲರಿಗೂ ಗೊತ್ತಿರುವ ಕಥೆ. ಮೆಟೀರಿಯಲ್ ಬೆಂಗಳೂರಿಂದ ಬರಬೇಕು. ಫಿಟ್ಟರ್ ಊರಿಗೆ ಹೋಗಿದ್ದಾನೆ. ನಾಳೆ ಪಕ್ಕಾ. ಕೊನೆಗೆ ನಾದಿನಿಯ ಸೀಮಂತದ ಹಿಂದಿನ ದಿನ ಬಂದರು.

ಫಿಟ್ಟರ್ ಏಣಿ ಹತ್ತಿ ಬ್ಲೈಂಡ್ ಅನ್ನು ಕಮಾನಿಗೆ ಹಿಡಿದ. ಒಳಗೆ ಕೂರಲಿಲ್ಲ. ತಿರುಗಿಸಿದ, ಒತ್ತಿದ. ಕೂರಲಿಲ್ಲ. ಒಂದು ಮಾತೂ ಆಡದೆ ಕೆಳಗಿಳಿದು, ನೆಲದ ಮೇಲೆ ಹಾಸಿ, ಚೀಲದಿಂದ ಕತ್ತರಿ ತೆಗೆದ. ಕತ್ತರಿ! ನನ್ನ 14,000 ರೂಪಾಯಿಯ ಮಡಿಕೆಗಳ ಅಂಚನ್ನು ಅಡುಗೆಮನೆಯ ಹಾಲಿನ ಕವರ್ ಕತ್ತರಿಸುವ ಹಾಗೆ ಕಚಕಚ ಅಂತ ಕತ್ತರಿಸಲು ಶುರುಮಾಡಿದ. ಜೇನುಗೂಡಿನಂಥ ಆ ಪದರಗಳು ಒಂದೊಂದಾಗಿ ಬಾಯಿ ಬಿಟ್ಟವು, ಅಂಟು ಕಿತ್ತು ದಾರ ಹೊರಗೆ ಬಂತು. "ನಿಲ್ಸಪ್ಪಾ!" ಅಂತ ಕೂಗಿದೆ. ಅವನು ಓನರ್‌ಗೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದ. ಆ ಕಡೆಯಿಂದ ಬಂದ ಮಾತು ನನಗೆ ಈಗಲೂ ಕಿವಿಯಲ್ಲಿದೆ. "ಒಳಗೆ ಕೂರ್ಲಿಲ್ವಾ? ಗೋಡೆ ಮೇಲೆ ಹೊಡಿ. ಅವರಿಗೇನು ಗೊತ್ತಾಗತ್ತೆ."

ಅವರಿಗೇನು ಗೊತ್ತಾಗತ್ತೆ ಅಂತೆ. ನಾನು ಅಲ್ಲೇ ನಿಂತಿದ್ದೇನೆ!

ಮರುದಿನ ನೆಂಟರು ಬರುವವರು, ಏನು ಮಾಡುವುದು? ಗೋಡೆ ಮೇಲೇ ಹೊಡೆಸಿದೆವು. ಮೇಲೆ ಅರ್ಧ ಅಡಿ ಗೋಡೆ ಮೇಲೆ ಎದ್ದು ನಿಂತಿದೆ, ಎರಡೂ ಪಕ್ಕದಲ್ಲಿ ಸಂದಿನಿಂದ ಬಿಸಿಲು ಬರುತ್ತಲೇ ಇದೆ. ತೆರೆಯೋಣ ಅಂತ ನೋಡಿದರೆ ತೆರೆಯುವುದೇ ಇಲ್ಲ. ದಾರವಿಲ್ಲ, ಹಿಡಿ ಇಲ್ಲ. ಫಿಕ್ಸ್! ಸೀಮಂತದ ಮನೆಯಲ್ಲಿ ಎಲ್ಲರೂ ತಲೆ ಎತ್ತಿ ನೋಡುವವರೇ. ಅತ್ತೆಯ ಅಕ್ಕ ಅಂತೂ ಎಲ್ಲರ ಮುಂದೆ, "ಏನಮ್ಮಾ, ಗೋಡೆಗೆ ಯಾಕೆ ಇಷ್ಟು ದೊಡ್ಡದು ಅಂಟಿಸಿದ್ದೀರಾ?" ಅಂದುಬಿಟ್ಟರು. ನಾನು ಪಾಯಸ ಬಡಿಸುವ ನೆಪದಲ್ಲಿ ಒಳಗೆ ಹೋದೆ.

ಆಮೇಲೆ ವಾಟ್ಸಾಪ್‌ನಲ್ಲಿ ಓನರ್ ಜೊತೆ ನಡೆದ ಮಾತು ಕೇಳಿ.

ತೆರೆಯಲ್ವಲ್ಲ ಅಂದರೆ, "ಆರ್ಚ್‌ದು ಓಪನ್ ಆಗಲ್ಲ ಮೇಡಂ, ಎಲ್ಲರಿಗೂ ಗೊತ್ತಿರೋದು." ಹಾಗಾದರೆ ತೋರಿಸಿದ ವಿಡಿಯೋ? "ಅದು ಬೇರೆ ಮಾಡೆಲ್. ರೇಟ್ ಡಬಲ್."

ಅಳತೆ ತಪ್ಪಲ್ವಾ ಅಂದರೆ, "ನಿಮ್ಮ ಮೇಸ್ತ್ರಿ ಆರ್ಚ್ ಸರಿಯಾಗಿ ಹಾಕಿಲ್ಲ ಮೇಡಂ." ನೋಡಿ, ತಪ್ಪು ನಮ್ಮ ಗೋಡೆಯದ್ದು! ಬ್ಲೈಂಡ್ ಕರೆಕ್ಟಾಗಿದೆ, ಮನೆ ಸರಿ ಇಲ್ಲ. ಮನೆ ಒಡೆದು ಕಟ್ಟಿಸಬೇಕೇನೋ.

ವಾಪಸ್ ತಗೊಳ್ಳಿ ಅಂದರೆ, "ಕಟ್ ಆಗಿದೆಯಲ್ಲ ಮೇಡಂ, ಕಟ್ ಆದ ಪೀಸ್ ಹೇಗೆ ತಗೊಳೋದು?" ಕತ್ತರಿಸಿದ್ದು ಯಾರು ಸ್ವಾಮಿ? ಅದಕ್ಕೆ ಉತ್ತರವಿಲ್ಲ. ನೀಲಿ ಟಿಕ್ ಮಾತ್ರ.

ಬಿಲ್ ಕೇಳಿದರೆ ಎಸ್ಟಿಮೇಟ್ ಚೀಟಿಯ ಫೋಟೋ ಕಳಿಸಿದ. "ಜಿಎಸ್‌ಟಿ ಬಿಲ್ ಬೇಕಂದ್ರೆ 18 ಪರ್ಸೆಂಟ್ ಜಾಸ್ತಿ ಆಗತ್ತೆ."

ಈಗ ನೀವು ಮಾಡಬೇಕಾದ್ದು ಇಷ್ಟೇ. ಕಮಾನು, ತ್ರಿಕೋನ, ಓರೆ ಕಿಟಕಿ, ಏನೇ ಇರಲಿ, ಹಳೆ ನ್ಯೂಸ್‌ಪೇಪರ್‌ಗಳನ್ನು ಅಂಟಿಸಿ ಕಿಟಕಿಗೆ ಹಿಡಿದು ಅದೇ ಆಕಾರಕ್ಕೆ ಕತ್ತರಿಸಿ. ಆ ಪೇಪರ್ ಮೇಲೆ ಅಂಗಡಿಯವರ ಸಹಿ ಹಾಕಿಸಿ, ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಅಗಲ ಮಾತ್ರ ಅಳೆದು ಹೊರಟವರನ್ನು ಮತ್ತೆ ಒಳಗೆ ಬಿಡಬೇಡಿ. ತೆರೆಯುತ್ತದೋ ಫಿಕ್ಸೋ ಅಂತ ಬರೆಸಿಕೊಳ್ಳಿ. ಗ್ರಿಲ್ ಒಳಗಡೆ ಇದ್ದರೆ, ಸೊಳ್ಳೆ ಜಾಲರಿ ಇದ್ದರೆ ಫ್ರೇಮಿನೊಳಗೆ ಬ್ಲೈಂಡ್ ಕೂರಲು ಜಾಗ ಉಂಟಾ ಅಂತ ಮೊದಲೇ ನೋಡಿಸಿ. ಬಿಸಿಲಷ್ಟೇ ತೊಂದರೆ ಅಂದರೆ ಕಮಾನಿನ ಗಾಜಿಗೆ ಸನ್ ಫಿಲ್ಮ್ ಅಂಟಿಸಿ ಸುಮ್ನಾಗಿ. ಫಿಲ್ಮ್ ಗಾಜಿನ ಆಕಾರಕ್ಕೇ ಕತ್ತರಿಸುತ್ತಾರೆ, ಅಲ್ಲಿ ಕತ್ತರಿ ಹಿಡಿಯೋದು ನ್ಯಾಯ.

ಬೇ ವಿಂಡೋ, ಅಂದರೆ ಗೋಡೆಯಿಂದ ಹೊರಕ್ಕೆ ಚಾಚಿ ಮೂಲೆಗಳಲ್ಲಿ ತಿರುಗುವ ಕಿಟಕಿ ಇರುವವರಿಗೂ ಒಂದು ಮಾತು. ಐಲೆಟ್ ಕರ್ಟನ್ (ಮೇಲಂಚಿನ ರಿಂಗುಗಳಲ್ಲಿ ಕಂಬಿ ತೂರಿಸುವ ಪರದೆ) ಮಾರಲು ಬಂದರೆ, ಮೂಲೆಯ ಬ್ರಾಕೆಟ್ ದಾಟಿ ರಿಂಗು ಹೇಗೆ ಸರಿಯುತ್ತೆ ಅಂತ ಅಲ್ಲೇ ಎಳೆದು ತೋರಿಸಲು ಹೇಳಿ. ನನ್ನ ತಂಗಿ ಮನೆಯಲ್ಲಿ ಇವತ್ತಿಗೂ ಸರಿಯುತ್ತಿಲ್ಲ. ಬಾಗಿದ ಟ್ರ್ಯಾಕೇ ಬೇಕು ಅದಕ್ಕೆ.

ಇನ್ನು ಬಿಲ್ ವಿಷಯ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಬಿಲ್ ಕೊಡದಿರುವುದೂ ಅನುಚಿತ ವ್ಯಾಪಾರವೇ. ದೋಷ ಇರುವ ಮಾಲು ವಾಪಸ್ ತಗೊಳ್ಳಲ್ಲ ಅನ್ನುವುದೂ ಅದರಲ್ಲೇ ಬರುತ್ತದೆ. ಬಿಲ್‌ನಲ್ಲಿ ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ ತಗೊಳ್ಳಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದರೆ ದೂರು ಬರೆದುಕೊಳ್ಳುತ್ತಾರೆ. ಅದರಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. 5 ಲಕ್ಷದವರೆಗಿನ ಪ್ರಕರಣಕ್ಕೆ ಅಲ್ಲಿ ಶುಲ್ಕವಿಲ್ಲ.

ನಾನು 1915ಕ್ಕೆ ದೂರು ಕೊಟ್ಟು ಅದರ ನಂಬರನ್ನು ವಾಟ್ಸಾಪ್ ಮಾಡಿದೆ. ಇಷ್ಟು ದಿನ ಫೋನ್ ಎತ್ತದವನು ತಾನೇ ಫೋನ್ ಮಾಡಿದ. "ಅಕ್ಕಾ, ಯಾಕೆ ಅಲ್ಲಿಗೆಲ್ಲ ಹೋಗ್ತೀರಾ, ಮಾತಾಡೋಣ. ನಿಮ್ಮ ಮುಂದಿನ ಆರ್ಡರ್‌ಗೆ 10 ಪರ್ಸೆಂಟ್ ಡಿಸ್ಕೌಂಟ್ ಕೊಡ್ತೀನಿ." ಅಲ್ಲಿಯವರೆಗೆ ಮೇಡಂ ಆಗಿದ್ದವಳು ಈಗ ಅಕ್ಕ ಆಗಿದ್ದೇನೆ. ಮುಂದಿನ ಆರ್ಡರ್ ಅಂತೆ! ಪೂರ್ತಿ ದುಡ್ಡು ವಾಪಸ್ ಬರುವವರೆಗೂ ದೂರು ಹಿಂದಕ್ಕೆ ತಗೊಳ್ಳಲ್ಲ ಅಂತ ಹೇಳಿ ಫೋನ್ ಇಟ್ಟೆ. ನಿಮಗೂ ಯಾರಿಗಾದರೂ ಹೀಗೇ ಆಗಿದ್ದರೆ ಚೀಟಿ, ಮೆಸೇಜು ಯಾವುದನ್ನೂ ಅಳಿಸಬೇಡಿ.