ಹಳೇ ಪಿಕಪ್‌ಗೆ ಯಾವ ಸೈಲೆನ್ಸರ್: ಕಂಪನೀದಾ, ಲೋಕಲ್ಲಾ, ಸ್ಟೀಲಾ?

ನಮ್ದು ಬಿಎಸ್ 3 (ಹಳೇ ಹೊಗೆ ನಿಯಮ) ಕಾಲದ ಟರ್ಬೊ ಡೀಸೆಲ್ ಪಿಕಪ್, ಕೆಲ್ಸ ಅಂದ್ರೆ ತೋಟದಿಂದ ಅಡಿಕೆ ಹೇರ್ಕೊಂಡು ಸಾಗರ ಪೇಟೆಗೆ ಹೋಗೋದು, ಬರ್ತಾ ಗೊಬ್ರ ತರೋದು, ಅಷ್ಟೇ. ಮೂರು ಥರದ್ದೂ ಹಾಕ್ಸಿ ಓಡ್ಸಿದೀನಿ, ಅದಕ್ಕೇ ಬರೀತಿದೀನಿ.

ಒಂದ್ ಲೀಟರ್ ಡೀಸೆಲ್ ಉರಿದ್ರೆ ಹೆಚ್ಚುಕಮ್ಮಿ ಒಂದ್ ಲೀಟರ್ ನೀರು ಆವಿಯಾಗಿ ಪೈಪಲ್ಲಿ ಹೋಗತ್ತೆ, ದೂರ ಓಡೋ ಗಾಡಿಲಿ ಸೈಲೆನ್ಸರ್ ಚೆನ್ನಾಗಿ ಕಾದು ಅದೆಲ್ಲ ಹೊರಗೆ ಹೋಗತ್ತೆ, ನಮ್ಮಂಥೋರ ಗಾಡಿ ಕಾಯೋದ್ರೊಳಗೆ ಊರು ಬಂದಿರತ್ತೆ, ನೀರು ಒಳಗೇ ನಿಂತು ಮಸಿ ಜೊತೆ ಸೇರಿ ಆಸಿಡ್ ಥರ ತಗಡನ್ನ ತಿನ್ನತ್ತೆ. ಮಳೆಗಾಲದ ಕೆಸರು ಹೊರಗಿಂದ ತಿನ್ನೋದು ಬೇರೆ.

ಕಂಪನಿದು ಅಲ್ಯುಮಿನಿಯಂ ಕೋಟಿಂಗ್ ಇರೋ ತಗಡು. ಸದ್ದು ಕಮ್ಮಿ, ಬೋಲ್ಟ್ ಹೋಲು, ನೇತುಹಾಕೋ ಹ್ಯಾಂಗರ್ ಎಲ್ಲ ಕರೆಕ್ಟಾಗಿ ಕೂರತ್ತೆ. ತುಕ್ಕು ಶುರುವಾಗೋದು ಮಾತ್ರ ವೆಲ್ಡಿಂಗ್ ಪಕ್ಕದಲ್ಲೇ, ಅಲ್ಲಿ ಕೋಟಿಂಗ್ ಸುಟ್ಟಿರತ್ತಲ್ಲ.

ಲೋಕಲ್ ಎಂಎಸ್‌ದು (ಮೈಲ್ಡ್ ಸ್ಟೀಲ್, ಮಾಮೂಲಿ ಕಬ್ಬಿಣದ ತಗಡು) ಅದರ ಅರ್ಧ ರೇಟಿಗೆ ಆಯ್ತು, ತಗಡು ದಪ್ಪ, ನೋಡಕ್ಕೆ ಗಟ್ಟಿ. ಆದ್ರೆ ಒಳಗಿನ ಪ್ಲೇಟಿಗೆ ಬರೀ ಚುಕ್ಕಿ ವೆಲ್ಡಿಂಗ್ ಹೊಡ್ದಿರ್ತಾರೆ, ಅದು ಕಿತ್ಕೊಂಡು ಐಡ್ಲಿಂಗಲ್ಲಿ ಡಬ್ಬಕ್ಕೆ ಕಲ್ಲು ಹಾಕಿದಂಗೆ ಗಡಗಡ. ಗಾಡಿ ಮಾರೋದಿದ್ರೆ ಇದೇ ಸಾಕು.

ಆಮೇಲೆ ಸ್ಟೇನ್‌ಲೆಸ್ ಸ್ಟೀಲ್ ಫ್ರೀಫ್ಲೋ, ಅಂದ್ರೆ ಹೊಗೆ ಸಲೀಸಾಗಿ ಹೋಗೋ ಥರದ್ದು. ಲೋಡಲ್ಲಿ ಏರು ಹತ್ತುವಾಗ ಟರ್ಬೊ ಸ್ವಲ್ಪ ಬೇಗ ಎತ್ಕೊಳ್ತು, ಸುಳ್ಳಲ್ಲ, ಮೈಲೇಜಲ್ಲಿ ಏನೂ ಗೊತ್ತಾಗ್ಲಿಲ್ಲ. ಸದ್ದು ಮಾತ್ರ ಕ್ಯಾಬಿನ್ ಒಳಗೆ ಗುಂಯ್ ಅಂತ ತಲೆ ತಿನ್ನತ್ತೆ, ಬೆಳಗಿನ ಜಾವ ಸ್ಟಾರ್ಟ್ ಮಾಡಿದ್ರೆ ಕೊಟ್ಟಿಗೇಲಿ ದನ ಬೆದರಿ ಏಳ್ತಿದ್ವು. ಸದ್ದಿನ ಕೇಸಿಗೆ ಮೋಟಾರು ಕಾಯ್ದೆ 190(2)ರಲ್ಲಿ ಮೊದಲ್ನೇ ಸಲಕ್ಕೇ 10,000 ರೂಪಾಯಿ ತನಕ ದಂಡ ಇದೆ, ಅಡಿಕೆ ಗಾಡಿಗೆ ಯಾಕ್ ಬೇಕು.

ಸ್ಟೀಲ್ ಅಂದ ತಕ್ಷಣ ನಂಬ್ಬೇಡಿ. ಅಂಗಡೀಲಿ ಮ್ಯಾಗ್ನೆಟ್ ಹಿಡಿದು "ನೋಡಿ ಅಂಟಲ್ಲ, 304" ಅಂತಾರೆ, ಅದು ಒಳ್ಳೇ ಸ್ಟೀಲಿನ ಗ್ರೇಡ್ ನಂಬರು, ಆದ್ರೆ ಅಗ್ಗದ 202 ಗ್ರೇಡ್ ಕೂಡ ಅಂಟಲ್ಲ. ಅಂಟೋ 409 ಮೇಲ್ಮೇಲೆ ಕಂದು ಬಣ್ಣಕ್ಕೆ ತಿರುಗತ್ತೆ ನಿಜ, ಆದ್ರೆ ಎಷ್ಟೋ ಕಾರಿಗೆ ಕಂಪನಿಯೋರೇ ಹಾಕೋದು ಅದನ್ನೇ. ಬಿಲ್ಲಲ್ಲಿ ಗ್ರೇಡ್ ಬರೆಸ್ಕೊಳ್ಳಿ.

ಈಗ ಗಾಡೀಲಿರೋದು ಮಿಶ್ರ. ಪೈಪೆಲ್ಲ ಸ್ಟೀಲು, ಮಧ್ಯದ ಡಬ್ಬ ಕಂಪನೀದು. ದುಡ್ಡು ಕಂಪನಿ ಫುಲ್ ಸೆಟ್ಟಿಗಿಂತ ಜಾಸ್ತಿ ಆಯ್ತು, ಆದ್ರೂ ನನ್ನ ಓಟು ಇದಕ್ಕೇ, ಡಬ್ಬ ಹೋದ್ರೆ ಡಬ್ಬ ಒಂದೇ ಬದಲಾಯ್ಸಿದ್ರೆ ಆಯ್ತು. ಡಬ್ಬದ ತಳದಲ್ಲಿ ನೀರು ಇಳಿಯಕ್ಕೆ ಸಣ್ಣ ತೂತು ಇರತ್ತೆ, ಮಸಿ ಕಟ್ಕೊಂಡು ಮುಚ್ಚೋಗತ್ತೆ, ಸರ್ವಿಸಿಗೆ ಬಿಟ್ಟಾಗ ಒಂದ್ ತಂತಿ ಹಾಕಿ ಬಿಡಿಸಕ್ಕೆ ಹೇಳಿ, ಹಾಗೇ ಹ್ಯಾಂಗರ್ ರಬ್ಬರೂ ನೋಡ್ಸಿ, ಅದು ಹರಿದ್ರೆ ಭಾರ ಎಲ್ಲ ಮುಂದಿನ ಬೆಲ್ಲೋಸ್ (ಬಾಗೋ ಪೈಪು) ಮೇಲೆ ಬಿದ್ದು ಅದೂ ಬಿರಿಯತ್ತೆ.